ನದಿಯ ಸ್ಟೀಮರು ಯುದ್ಧಕ್ಕೆ ಹೋದದ್ದು: 'ಟೈಲರ್' ಹಡಗಿನ ನಾಲ್ಕು ವರ್ಷಗಳು

ಅಮೆರಿಕೆಯ ಅಂತರ್ಯುದ್ಧವೆಂದೊಡನೆ ನಮಗೆ ಲಿಂಕನ್ನನ ಹೆಸರು ನೆನಪಾಗುತ್ತದೆ. ಪರೀಕ್ಷೆಗಾಗಿ ಓದಿದವರಿಗೆ ಗೆಟಿಸ್‌ಬರ್ಗಿನ ಕಾಳಗವೂ, 'ಮಾನಿಟರ್' ಮತ್ತು 'ಮೆರಿಮ್ಯಾಕ್' ಎಂಬ ಕಬ್ಬಿಣ ಹೊದ್ದ ಎರಡು ಹಡಗುಗಳ ಕಾದಾಟವೂ ನೆನಪಾಗಬಹುದು. ಇವೆಲ್ಲ ಆ ದೇಶದ ಪೂರ್ವ ಭಾಗದಲ್ಲಿ ನಡೆದವು. ಆದರೆ ದಕ್ಷಿಣದ ಸಂಸ್ಥಾನಗಳ ಬೆನ್ನೆಲುಬು ಮುರಿದದ್ದು ಪಶ್ಚಿಮದಲ್ಲಿ. ಅಲ್ಲಿ ಯುದ್ಧದ ಹೆದ್ದಾರಿಗಳಾಗಿದ್ದವು ನದಿಗಳು. ಆ ನದಿಗಳ ಮೇಲೆ ಮೊದಲ ಐದು ತಿಂಗಳು ಉತ್ತರದವರಿಗೆ ಇದ್ದ ಆಸರೆಯೆಂದರೆ ಜನರನ್ನೂ ಸರಕನ್ನೂ ಸಾಗಿಸುತ್ತಿದ್ದ ಮೂರು ಮರದ ಸ್ಟೀಮರುಗಳು. ಅವುಗಳಲ್ಲಿ ತೋಪುಗಳ ಬಲದಿಂದ ಹಿರಿಯದೆನ್ನಬಹುದಾದ 'ಟೈಲರ್' ಎಂಬುದರ ಕತೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಭೂಗೋಳವನ್ನು ಸ್ವಲ್ಪ ನೋಡಿಕೊಳ್ಳಬೇಕು. ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಮಿಸಿಸಿಪ್ಪಿಯನ್ನು ಪೂರ್ವದಿಂದ ಬರುವ ಒಹಾಯೊ ನದಿಯು ಕೈರೊ ಎಂಬ ಊರಿನ ಬಳಿ ಸೇರುತ್ತದೆ. ಅದಕ್ಕೂ ಸ್ವಲ್ಪ ಮೇಲೆ, ಪದೂಕ ಎಂಬಲ್ಲಿ, ಟೆನೆಸಿ ನದಿಯು ದಕ್ಷಿಣದಿಂದ ಬಂದು ಒಹಾಯೊವನ್ನು ಕೂಡುತ್ತದೆ. ಅಂದರೆ ಟೆನೆಸಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹೋದರೆ ಶತ್ರುವಿನ ನಾಡಿನ ಒಡಲೊಳಕ್ಕೆ ಹೋದಂತೆಯೇ. ಇಲ್ಲೊಂದು ಸೂಕ್ಷ್ಮವಿದೆ. ಮಿಸಿಸಿಪ್ಪಿಯಲ್ಲಿ ಕೆಳಮುಖವಾಗಿ ಹೋರಾಡುತ್ತ ಹೋದ ಉತ್ತರದ ಹಡಗಿನ ಯಂತ್ರ ಕೆಟ್ಟರೆ ಪ್ರವಾಹವೇ ಅದನ್ನು ವೈರಿಯ ಕೈಗೆ ಒಪ್ಪಿಸುತ್ತಿತ್ತು. ಟೆನೆಸಿಯಲ್ಲಾದರೋ ಕೆಟ್ಟ ಹಡಗು ತೇಲುತ್ತ ತನ್ನವರ ಕಡೆಗೇ ಬರುತ್ತಿತ್ತು. ಯಾವ ನದಿಯನ್ನು ಮೊದಲು ಹಿಡಿಯಬೇಕೆಂಬ ಪ್ರಶ್ನೆಯ ಉತ್ತರದಲ್ಲಿ ಈ ಸಣ್ಣ ಸಂಗತಿಯೂ ಸೇರಿತ್ತು.

ತುಂಗಭದ್ರೆಯಲ್ಲಿ ಹರಿಗೋಲನ್ನು ಮಾತ್ರ ಕಂಡಿರುವ ನಮ್ಮಂಥವರಿಗೆ ನದಿಯ ಸ್ಟೀಮರನ್ನು ಕಲ್ಪಿಸಿಕೊಳ್ಳುವುದು ಕಷ್ಟವೇ. ತಳ ಚಪ್ಪಟೆ, ಮೈ ಅಗಲ, ಎರಡು ಪಕ್ಕಗಳಲ್ಲಿಯೂ ನೀರನ್ನು ಹೊಡೆದು ಮುಂದಕ್ಕೆ ತಳ್ಳುವ ದೊಡ್ಡ ಚಕ್ರಗಳು, ಮೇಲೆ ಪ್ರಯಾಣಿಕರಿಗಾಗಿ ಮಾಳಿಗೆಯ ಮನೆಯಂತಹ ಕೋಣೆಗಳು. ಟೈಲರ್ ೧೮೫೭ರಲ್ಲಿ ಒಹಾಯೊ ದಂಡೆಯ ಸಿನ್ಸಿನಾಟಿಯಲ್ಲಿ ಕಟ್ಟಿದ ಹಡಗು. ಉದ್ದ ೧೮೦ ಅಡಿ, ಅಗಲ ೪೫ ಅಡಿ. ಇಷ್ಟು ದೊಡ್ಡ ದೇಹವಾದರೂ ಅದು ತೇಲಲು ಆರಡಿ ನೀರು ಸಾಕಾಗಿತ್ತು. ಸಮುದ್ರದ ಯುದ್ಧನೌಕೆಯು ಇಂತಹ ನದಿಗಳಲ್ಲಿ ಬಹುದೂರ ಹೋಗುವಂತಿರಲಿಲ್ಲ.

೧೮೬೧ರ ಏಪ್ರಿಲಿನಲ್ಲಿ ಯುದ್ಧ ಆರಂಭವಾಯಿತು. ಜೂನ್ ತಿಂಗಳಲ್ಲಿ ನೌಕಾದಳದ ಅಧಿಕಾರಿ ಜಾನ್ ರಾಜರ್ಸ್ ಸಿನ್ಸಿನಾಟಿಗೆ ಬಂದು ಟೈಲರ್, ಲೆಕ್ಸಿಂಗ್ಟನ್, ಕಾನೆಸ್ಟೋಗ ಎಂಬ ಮೂರು ಸ್ಟೀಮರುಗಳನ್ನು ಕೊಂಡನು. ಮೂರಕ್ಕೂ ಕೂಡಿ ಬೆಲೆ ಸುಮಾರು ೬೨,೦೦೦ ಡಾಲರು. ಆಗ ಒಂದು ಕಚೇರಿಯ ಜಗಳ ಎದ್ದಿತು. ನೌಕಾಖಾತೆಯ ಮಂತ್ರಿ ಗಿಡಿಯನ್ ವೆಲ್ಸ್, ನದಿಗಳ ಮೇಲಿನ ಕೆಲಸ ಭೂಸೈನ್ಯಕ್ಕೆ ಸೇರಿದ್ದು, ಅದಕ್ಕೆ ನಾವು ಹಣ ಕೊಡೆವು ಎಂದು ಬಿಟ್ಟನು. ರಾಜರ್ಸನನ್ನು ಕಳುಹಿಸಿದ್ದೇನೋ ಸೈನ್ಯಕ್ಕೆ ನೆರವಾಗಲೆಂದು. ಹಡಗು ಕೊಳ್ಳಲು ಅಪ್ಪಣೆ ಇತ್ತೇ ಎಂಬುದು ತಕರಾರು. ಕಡೆಗೆ ಭೂಸೈನ್ಯದ ಖಾತೆಯೇ ಹಣ ತೆತ್ತಿತು. ಹೀಗಾಗಿ ನೌಕಾದಳದ ಅಧಿಕಾರಿಗಳು ನಡೆಸುವ, ಆದರೆ ಭೂಸೈನ್ಯಕ್ಕೆ ಸೇರಿದ ಒಂದು ವಿಚಿತ್ರ ಹಡಗುಪಡೆ ಹುಟ್ಟಿಕೊಂಡಿತು. ೧೮೬೨ರ ಅಕ್ಟೋಬರ್ ೧ರಂದು ನೌಕಾದಳಕ್ಕೆ ಸೇರುವವರೆಗೂ ಅದು ಇದೇ ಸ್ಥಿತಿಯಲ್ಲಿತ್ತು. ಸರಕಾರಿ ಕಾಗದಪತ್ರಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುವುದು ನಮ್ಮ ದೇಶದ ಸೊತ್ತು ಮಾತ್ರವೆಂದು ತಿಳಿದಿದ್ದವರಿಗೆ ಇದು ಸಮಾಧಾನ ತರಬಹುದು.

ಹಡಗಿನ ಹೆಸರಿನ ಬಗೆಗೂ ಒಂದು ತೊಡಕು. ಅಧ್ಯಕ್ಷ ಪದವಿಯಲ್ಲಿದ್ದ ಜಾನ್ ಟೈಲರ್ ಎಂಬಾತ ಮುಪ್ಪಿನಲ್ಲಿ ದಕ್ಷಿಣದವರ ಕಡೆ ಸೇರಿದ್ದನು. ಹಡಗಿಗೆ ಆತನ ಹೆಸರಿಟ್ಟಿರಲಿಲ್ಲವಾದರೂ, ರಾಜರ್ಸನಿಗೆ ಆ ಶಬ್ದವೇ ಹಿಡಿಸಲಿಲ್ಲ. 'ಟೇಲರ್' ಎಂದು ಬದಲಾಯಿಸಬೇಕೆಂದನು. ಅಂದಿನ ಕೆಲವು ವರದಿಗಳಲ್ಲಿ ಹಾಗೆಯೇ ಬರೆದೂ ಇದೆ. ಆದರೆ ಹಳೆಯ ಹೆಸರೇ ಉಳಿಯಿತು.

ಇನ್ನು ಮಾರ್ಪಾಡಿನ ವಿಷಯ. ಇದನ್ನು ರೂಪಿಸಿದವನು ನೌಕಾಶಿಲ್ಪಿ ಸ್ಯಾಮ್ಯುಅಲ್ ಪೂಕ್. ಮೇಲಿನ ಪ್ರಯಾಣಿಕರ ಕೋಣೆಗಳನ್ನು ಕಿತ್ತುಹಾಕಲಾಯಿತು. ನದಿಯ ಸ್ಟೀಮರುಗಳಲ್ಲಿ ಬಾಯ್ಲರುಗಳು ಸಾಮಾನ್ಯವಾಗಿ ಡೆಕ್ಕಿನ ಮೇಲೆಯೇ ಇರುತ್ತಿದ್ದವು. ಅಲ್ಲಿಗೆ ಒಂದು ಗುಂಡು ತಗುಲಿದರೆ ಕುದಿಯುವ ಉಗಿಯೇ ತನ್ನವರನ್ನು ಕೊಲ್ಲುತ್ತದೆ. ಆದಕಾರಣ ಬಾಯ್ಲರುಗಳನ್ನೂ ಉಗಿಯ ಕೊಳವೆಗಳನ್ನೂ ಸಾಧ್ಯವಾದಷ್ಟು ಕೆಳಕ್ಕೆ, ಹಡಗಿನ ಒಡಲೊಳಕ್ಕೆ ಇಳಿಸಿದರು. ಸುತ್ತಲೂ ಐದು ಅಂಗುಲ ದಪ್ಪದ ಓಕ್ ಮರದ ಹಲಗೆಗಳ ಗೋಡೆ ಎಬ್ಬಿಸಿದರು. ಬಂದೂಕಿನ ಗುಂಡನ್ನು ಈ ಗೋಡೆ ತಡೆಯುತ್ತಿತ್ತು. ತೋಪಿನ ಗುಂಡನ್ನು ತಡೆಯುತ್ತಿರಲಿಲ್ಲ. ಇದು ಕಟ್ಟಿದವರಿಗೂ ಗೊತ್ತು, ಒಳಗೆ ನಿಲ್ಲುವವರಿಗೂ ಗೊತ್ತು. ತೋಪಿನ ಗುಂಡು ಹಲಗೆಯನ್ನು ಸೀಳಿದರೆ ಹಾರುವ ಮರದ ಚೂರುಗಳು ಈಟಿಗಳಂತೆ ನಾಟುತ್ತಿದ್ದವು. ಟೈಲರಿನ ಮೇಲೆ ಎಂಟಂಗುಲ ಬಾಯಿಯ ಆರು ತೋಪುಗಳನ್ನೂ, ೩೨ ಪೌಂಡು ತೂಕದ ಗುಂಡು ಹಾರಿಸುವ ಒಂದು ತೋಪನ್ನೂ ಏರಿಸಿದರು. ಸರಕಿನ ಹಡಗಿಗೆ ಇದು ಭಾರಿ ಶಸ್ತ್ರವೇ ಸರಿ.

ಆದರೆ ಹೊರಡುವುದಕ್ಕೆ ನದಿ ಬಿಡಬೇಕಲ್ಲ! ಬೇಸಗೆಯಲ್ಲಿ ಒಹಾಯೊದ ನೀರು ಇಳಿದು, ಲೂಯಿವಿಲ್ ಬಳಿಯ ಬಂಡೆಸಾಲನ್ನು ದಾಟುವುದೇ ದುಸ್ತರವಾಯಿತು. ಅಂತೂ ಆಗಸ್ಟ್ ೧೨ರಂದು ಮೂರೂ ಕೈರೊವನ್ನು ಮುಟ್ಟಿದವು. ಕಬ್ಬಿಣ ಹೊದ್ದ ಏಳು ಹೊಸ ಹಡಗುಗಳನ್ನು ಈಡ್ಸ್ ಎಂಬ ಗುತ್ತಿಗೆದಾರನು ಕಟ್ಟಿಕೊಟ್ಟು, ಅವು ಸೇವೆಗೆ ಬಂದದ್ದು ೧೮೬೨ರ ಜನವರಿಯಲ್ಲಿ. ನಡುವಿನ ಐದು ತಿಂಗಳುಗಳನ್ನು ಕುರಿತು ನಮ್ಮ ಪುಸ್ತಕಗಳು ಒಂದು ಮಾತನ್ನೂ ಹೇಳುವುದಿಲ್ಲ. ಆದರೆ ಸೆಪ್ಟೆಂಬರ್ ೬ರಂದು ಗ್ರಾಂಟನು ಪದೂಕವನ್ನು ಹಿಡಿದು ಟೆನೆಸಿಯ ಬಾಯಿಗೆ ಬೀಗ ಹಾಕಿದಾಗ ಅವನ ಜೊತೆಗಿದ್ದವು ಟೈಲರ್ ಮತ್ತು ಕಾನೆಸ್ಟೋಗ. ದಕ್ಷಿಣದವರು ಆಗಲೇ ಕೆಂಟಕಿಯ ಕೊಲಂಬಸ್ಸನ್ನು ಹಿಡಿದಿದ್ದರು. ಪದೂಕವನ್ನೂ ಅವರು ಹಿಡಿದಿದ್ದರೆ ಮುಂದಿನ ವರ್ಷದ ಕತೆಯೇ ಬೇರೆಯಾಗುತ್ತಿತ್ತು. ಐದು ಅಂಗುಲದ ಮರದ ಗೋಡೆ ಸಾಲದೆಂದು ಕಬ್ಬಿಣಕ್ಕಾಗಿ ಕಾದು ಕುಳಿತಿದ್ದರೆ ಈ ಕೆಲಸ ಆಗುತ್ತಿರಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ನವೆಂಬರ್ ೭ರಂದು ಬೆಲ್ಮಾಂಟಿನಲ್ಲಿ ಟೈಲರಿನ ಶಕ್ತಿಯೂ ದೌರ್ಬಲ್ಯವೂ ಒಂದೇ ದಿನ ಕಂಡವು. ಸುಮಾರು ಮೂರು ಸಾವಿರ ಸೈನಿಕರನ್ನು ಗ್ರಾಂಟನು ಹಡಗುಗಳಲ್ಲಿ ತಂದು ಇಳಿಸಿದನು. ಎದುರು ದಡದ ಕೊಲಂಬಸ್ಸಿನ ಎತ್ತರದ ದಿಣ್ಣೆಯ ಮೇಲೆ ವೈರಿಗಳ ತೋಪುಗಳಿದ್ದವು. ಕಪ್ತಾನ ಹೆನ್ರಿ ವಾಕನು ಟೈಲರನ್ನು ಆ ತೋಪುಗಳ ಮುಂದೆ ಒಯ್ಯುವುದು, ವೃತ್ತಾಕಾರವಾಗಿ ತಿರುಗುತ್ತ ಗುಂಡು ಹಾರಿಸುವುದು, ಗುರಿ ತಮ್ಮ ಮೇಲೆ ಕೂಡುವ ಮೊದಲೇ ಹಿಂದೆ ಸರಿಯುವುದು, ಹೀಗೆ ಮಾಡಿದನು. ಆದರೂ ಒಂದು ಗುಂಡು ಗೋಡೆಯನ್ನು ಹಾಯ್ದು ಒಬ್ಬ ನಾವಿಕನನ್ನು ಕೊಂದಿತು. ಸಂಜೆಯ ಹೊತ್ತಿಗೆ ಗ್ರಾಂಟನ ದಂಡು ಸೋತು ದಡಕ್ಕೆ ಓಡಿಬಂದಿತು. ಬೆನ್ನಟ್ಟಿ ಬಂದವರ ಮೇಲೆ ಟೈಲರ್ ಮತ್ತು ಲೆಕ್ಸಿಂಗ್ಟನ್ ತೋಪುಗಳನ್ನು ಸುರಿಸಿ, ದಂಡು ಹಡಗು ಹತ್ತುವಷ್ಟು ಬಿಡುವು ದೊರಕಿಸಿದವು. ಕಟ್ಟಕಡೆಗೆ ಉಳಿದವನು ಗ್ರಾಂಟನೇ. ಅವನ ಕುದುರೆ ಕಡಿದಾದ ದಂಡೆಯನ್ನು ಜಾರುತ್ತಲೇ ಇಳಿದು, ಒಂದೇ ಒಂದು ಹಲಗೆಯ ಮೇಲೆ ನಡೆದು ಹಡಗನ್ನೇರಿದ್ದನ್ನು ಆತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮುಂದೆ ಅಮೆರಿಕೆಯ ಅಧ್ಯಕ್ಷನಾದವನು ಆ ಸಂಜೆ ಸೆರೆಸಿಕ್ಕಲು ಕೆಲವೇ ನಿಮಿಷಗಳು ಉಳಿದಿದ್ದವು.

೧೮೬೨ರ ಫೆಬ್ರುವರಿ ೬ರಂದು ಟೆನೆಸಿ ನದಿಯ ಹೆನ್ರಿ ಕೋಟೆ ಬಿದ್ದಿತು. ಕೋಟೆಯನ್ನು ಒಡೆದ ಕೀರ್ತಿ ಕಬ್ಬಿಣದ ಹಡಗುಗಳದು. ಮರದವು ಹಿಂದೆ ನಿಂತಿದ್ದವು. ಆದರೆ ಕೋಟೆ ಬಿದ್ದ ಮೇಲೆ ನದಿಯಲ್ಲಿ ದೂರ ಹೋಗುವ ಕೆಲಸ ಈ ಮೂರರ ಪಾಲಿಗೆ ಬಂತು. ಆಗ ಟೈಲರಿನ ಕಪ್ತಾನ ವಿಲಿಯಂ ಗ್ವಿನ್ ಎಂಬ ತರುಣ. ಮೂರರಲ್ಲಿ ಟೈಲರ್ ನಿಧಾನದ್ದು. ಆದ್ದರಿಂದ ಅದನ್ನು ರೈಲು ಸೇತುವೆಯ ಬಳಿ ಹಳಿ ಕೀಳಲು ಬಿಟ್ಟು ಉಳಿದೆರಡೂ ಮುಂದೆ ಓಡಿದವು. ದಕ್ಷಿಣದವರು ಕಬ್ಬಿಣದ ಯುದ್ಧನೌಕೆಯಾಗಿ ಮಾರ್ಪಡಿಸುತ್ತಿದ್ದ 'ಈಸ್ಟ್‌ಪೋರ್ಟ್' ಎಂಬ ದೊಡ್ಡ ಸ್ಟೀಮರು ಅರೆಕಟ್ಟಿದ ಸ್ಥಿತಿಯಲ್ಲಿ ಸಿಕ್ಕಿತು. ಹಿಂದಿನಿಂದ ಬಂದು ಸೇರಿದ ಟೈಲರ್ ಅದನ್ನೂ ಅದರ ಮರಮುಟ್ಟನ್ನೂ ಕಾಯುತ್ತ ನಿಂತಿತು. ಇತರ ಎರಡು ಅಲಬಾಮಾದ ಫ್ಲಾರೆನ್ಸಿನವರೆಗೂ ಹೋಗಿಬಂದವು. ಟೆನೆಸಿಯ ದಂಡೆಯ ಕೆಲವು ಊರುಗಳಲ್ಲಿ ಜನ ಹಳೆಯ ರಾಷ್ಟ್ರಧ್ವಜವನ್ನು ನೋಡಿ ಸಂತೋಷಪಟ್ಟರಂತೆ. ಅಲ್ಲಿಯ ೨೫ ಮಂದಿಯನ್ನು ಗ್ವಿನ್ ತನ್ನ ಹಡಗಿಗೆ ಸೇರಿಸಿಕೊಂಡನು.

ಈಗ ಶೈಲೋ. ಟೈಲರಿನ ಹೆಸರನ್ನು ಯಾರಾದರೂ ಕೇಳಿದ್ದರೆ ಈ ಕಾಳಗದಿಂದಲೇ. ೧೮೬೨ರ ಏಪ್ರಿಲ್ ೬ರ ಬೆಳಗ್ಗೆ, ಟೆನೆಸಿ ದಂಡೆಯ ಪಿಟ್ಸ್‌ಬರ್ಗ್ ಲ್ಯಾಂಡಿಂಗ್ ಎಂಬಲ್ಲಿ ಬೀಡುಬಿಟ್ಟಿದ್ದ ಗ್ರಾಂಟನ ದಂಡಿನ ಮೇಲೆ ದಕ್ಷಿಣದವರು ಹಠಾತ್ತಾಗಿ ಬಿದ್ದರು. ಗ್ರಾಂಟನು ಆಗ ಕೆಲವು ಮೈಲಿ ಕೆಳಗಿನ ಸವಾನದಲ್ಲಿದ್ದನು. ದಂಡು ಹೊತ್ತೇರಿದಂತೆಲ್ಲ ನದಿಯ ಕಡೆಗೆ ಹಿಂದೆ ಹಿಂದೆ ಸರಿಯಿತು. ನದಿಯಲ್ಲಿದ್ದ ಟೈಲರಿಗೆ ಮಧ್ಯಾಹ್ನದವರೆಗೆ ಕೆಲಸವೇ ಇಲ್ಲ! ದಂಡೆ ಎತ್ತರ, ಅದರ ಹಿಂದೆ ಕಾಡು, ಸ್ವಪಕ್ಷ ಎಲ್ಲಿ ವೈರಿ ಎಲ್ಲಿ ಎಂದು ಕಾಣದು. ಕಡೆಗೆ ಗ್ವಿನ್ ತಾನಾಗಿಯೇ ಜನರಲ್ ಹರ್ಲ್‌ಬಟ್ಟನಿಗೆ ಹೇಳಿಕಳುಹಿಸಿ, ಗುಂಡು ಹಾರಿಸಲು ಅನುಮತಿಯನ್ನೂ ಗುರಿಯ ದಿಕ್ಕನ್ನೂ ಕೇಳಿ ಪಡೆದನು. ಮಧ್ಯಾಹ್ನ ೨-೫೦ಕ್ಕೆ ಅದರ ತೋಪುಗಳು ಮೊದಲ ಸಲ ಗುಡುಗಿದವು. ಮುಂದೆ ಗ್ರಾಂಟನನ್ನು ಕೇಳಿದಾಗ, ನಿನ್ನ ವಿವೇಚನೆಯಂತೆ ಮಾಡು ಎಂಬ ಉತ್ತರ ಬಂತು.

ಸಂಜೆ ೪ ಗಂಟೆಗೆ ಲೆಕ್ಸಿಂಗ್ಟನ್ ಕೂಡ ಬಂದು ಸೇರಿತು. ಲ್ಯಾಂಡಿಂಗಿನ ಸ್ವಲ್ಪ ಮೇಲೆ ಡಿಲ್ ಎಂಬ ಹಳ್ಳವೊಂದು ನದಿಗೆ ಬಂದು ಕೂಡುತ್ತದೆ. ವಸಂತದ ನೆರೆಯಿಂದ ನದಿಯ ನೀರು ಆ ಹಳ್ಳದ ಬಾಯಲ್ಲಿ ಒಳಕ್ಕೆ ಏರಿತ್ತು. ದಕ್ಷಿಣದವರ ಬಲಪಾರ್ಶ್ವ ಆ ಹಳ್ಳವನ್ನೇ ದಾಟಿ ಗ್ರಾಂಟನ ಕೊನೆಯ ಸಾಲಿನ ಮೇಲೆ ಏರಿ ಬರಬೇಕು. ಎರಡು ಹಡಗುಗಳೂ ಹಳ್ಳದ ಬಾಯಿಗೆ ನೇರವಾಗಿ ನಿಂತು ಸಿಡಿಗುಂಡುಗಳನ್ನು ಎಸೆದವು. ದಿಣ್ಣೆಯ ಮೇಲೆ ಗ್ರಾಂಟನು ಸಾಲಾಗಿ ನಿಲ್ಲಿಸಿದ್ದ ತೋಪುಗಳೂ ಗುಡುಗಿದವು. ಅದೇ ಹೊತ್ತಿಗೆ ಬ್ಯೂಯೆಲ್ಲನ ದಂಡಿನ ಮೊದಲ ತುಕಡಿ ನದಿ ದಾಟಿ ಬಂದಿತು. ದಾಳಿ ನಿಂತಿತು.

ಆ ದಿನ ದಂಡನ್ನು ಉಳಿಸಿದ್ದು ಹಡಗುಗಳೇ ಎಂದು ಕೆಲವರು ಬರೆದಿದ್ದಾರೆ. ದಕ್ಷಿಣದ ಸೇನಾಪತಿ ಬೋರಿಗಾರ್ಡನೂ ತನ್ನ ಹಿನ್ನಡೆಗೆ ಅವುಗಳನ್ನು ಕಾರಣವಾಗಿ ಹೇಳಿದನು. ಇದನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಎತ್ತರದ ದಂಡೆಯನ್ನು ದಾಟಿಸಲು ಮೇಲಕ್ಕೆ ಗುರಿಯಿಟ್ಟ ಸಿಡಿಗುಂಡುಗಳಲ್ಲಿ ಎಷ್ಟೋ ಮುಂದಿನ ಸಾಲಿನವರ ತಲೆಯ ಮೇಲಿಂದ ಹಾರಿ ಹಿಂದೆ ಬಿದ್ದವು. ದಿನವೆಲ್ಲ ಕಾದಾಡಿ ದಣಿದ ದಂಡು, ಕಡಿದಾದ ಹಳ್ಳ, ದಿಣ್ಣೆಯ ಮೇಲಿನ ತೋಪುಗಳು, ಬ್ಯೂಯೆಲ್ಲನ ಆಗಮನ, ಇವೆಲ್ಲವೂ ಲೆಕ್ಕಕ್ಕೆ ಬರಬೇಕು. ಸೋತ ಸೇನಾಪತಿಗೆ ಎದುರಿನ ಪದಾತಿಗಿಂತ ನದಿಯ ಮೇಲಿನ ದೊಡ್ಡ ತೋಪನ್ನು ದೂರುವುದು ಗೌರವದ ಮಾರ್ಗವೂ ಹೌದು. ಆದರೆ ಆ ಹಳ್ಳದ ಎಡೆಯಲ್ಲಿ ಮಾತ್ರ ಹಡಗುಗಳ ಪಾಲನ್ನು ಅಲ್ಲಗಳೆಯಲಾಗದು.

ರಾತ್ರಿಯ ಮಾತು ಬೇರೆ. ಜನರಲ್ ನೆಲ್ಸನ್ನನ ಕೋರಿಕೆಯಂತೆ ಒಂಬತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಟೈಲರ್ ಹತ್ತು ಹತ್ತು ನಿಮಿಷಕ್ಕೊಂದರಂತೆ ಸಿಡಿಗುಂಡನ್ನು ವೈರಿಗಳ ಬೀಡಿನ ಕಡೆ ಎಸೆಯಿತು. ಬಳಿಕ ಲೆಕ್ಸಿಂಗ್ಟನ್ ಕಾಲುಗಂಟೆಗೊಂದರಂತೆ ಬೆಳಗಿನವರೆಗೂ ಮುಂದುವರಿಸಿತು. ಮೇಲಿನಿಂದ ಮಳೆ ಸುರಿಯುತ್ತಿತ್ತು. ದಕ್ಷಿಣದವರಿಗೆ ನಿದ್ರೆಯಿಲ್ಲ. ಎರಡೂ ಪಕ್ಷಗಳ ಗಾಯಾಳುಗಳು ಆ ಕಾಡಿನಲ್ಲಿಯೇ ಬಿದ್ದಿದ್ದರೆಂಬುದನ್ನು ಯುದ್ಧದ ಪುಸ್ತಕಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಸಿಡಿಗುಂಡಿಗೆ ಯಾರು ಯಾವ ಪಕ್ಷವೆಂದು ತಿಳಿಯದು. ಎರಡು ದಿನಗಳ ಶೈಲೋ ಕಾಳಗದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದವರ ಸಂಖ್ಯೆ ಎರಡೂ ಕಡೆ ಸೇರಿ ೨೩,೭೪೬.

ಅದೇ ವರ್ಷದ ಜುಲೈ ೧೫ರಂದು ಟೈಲರ್ ತನಗೆ ಸಮನಲ್ಲದ ವೈರಿಯನ್ನು ಎದುರಿಸಿತು. ಯಾಜೂ ನದಿಯಲ್ಲಿ ದಕ್ಷಿಣದವರು ರೈಲು ಹಳಿಗಳ ಕಬ್ಬಿಣವನ್ನೇ ಹೊದಿಸಿ ಕಟ್ಟಿದ್ದ 'ಆರ್ಕನ್ಸಾ' ಎಂಬ ಹಡಗು ಹೊರಬಂದಿತು. ಅದನ್ನು ಹುಡುಕಿಕೊಂಡು ಹೋದ ಉತ್ತರದವರ ಮೂರು ಹಡಗುಗಳಲ್ಲಿ ಟೈಲರ್ ಮುಂದಿತ್ತು. ಹಿಂದೆ ಕಬ್ಬಿಣದ ಹಡಗು 'ಕಾರಂಡಲೆಟ್'. ಅದರ ಕಪ್ತಾನ ಬೇರೆ ಯಾರೂ ಅಲ್ಲ, ಟೈಲರಿನಲ್ಲಿ ಬೆಲ್ಮಾಂಟನ್ನು ಕಂಡ ಹೆನ್ರಿ ವಾಕ್. ಕಾದಾಟದಲ್ಲಿ ಕಾರಂಡಲೆಟ್ ಚುಕ್ಕಾಣಿ ಕೆಟ್ಟು ದಡ ಹತ್ತಿತು. ಆರ್ಕನ್ಸಾ ಮರದ ಟೈಲರಿನ ಬೆನ್ನು ಹತ್ತಿತು. ಗ್ವಿನ್ ಓಡುತ್ತಲೇ ಹಿಂಬದಿಯ ತೋಪಿನಿಂದ ಹೊಡೆಯುತ್ತ ಹೋದನು. ಹಡಗಿನಲ್ಲಿದ್ದ ವಿಸ್ಕಾನ್ಸಿನ್ ಪಡೆಯ ಬಂದೂಕುಗಾರರ ಗುಂಡು ಆರ್ಕನ್ಸಾದ ಕಪ್ತಾನ ಬ್ರೌನನ ಹಣೆಯನ್ನು ಸವರಿತು. ಟೈಲರಿನ ಡೆಕ್ಕಿನ ಮೇಲೆ ರಕ್ತ ಹರಿಯಿತು. ಆದರೆ ಆರ್ಕನ್ಸಾದ ಹೊಗೆಕೊಳವೆಯೂ ಜರಡಿಯಾಗಿತ್ತು. ಕೊಳವೆ ತೂತಾದರೆ ಗಾಳಿಯ ಸೆಳೆತ ಕಡಿಮೆಯಾಗಿ ಬೆಂಕಿ ಕುಗ್ಗುತ್ತದೆ, ಉಗಿ ಇಳಿಯುತ್ತದೆ. ಆರ್ಕನ್ಸಾದ ವೇಗ ಹೀಗೆ ಕುಸಿಯಿತು. ವಿಕ್ಸ್‌ಬರ್ಗಿನ ಮೇಲೆ ನಿಂತಿದ್ದ ಉತ್ತರದ ದೊಡ್ಡ ಹಡಗುಪಡೆಗೆ, ಬಾಯ್ಲರುಗಳಲ್ಲಿ ಬೆಂಕಿ ಹಾಕದೆ ವಿಶ್ರಮಿಸುತ್ತಿದ್ದಾಗ, ಟೈಲರ್ ಓಡಿಬಂದದ್ದೇ ಎಚ್ಚರಿಕೆ. ಆರ್ಕನ್ಸಾ ಆ ಪಡೆಯ ನಡುವೆಯೇ ತೂರಿ ಪಾರಾಯಿತೆಂಬುದು ನಿಜ. ಆದರೆ ಆಗಸ್ಟ್ ೬ರಂದು ಯಂತ್ರಗಳು ಕೈಕೊಟ್ಟು, ತನ್ನವರಿಂದಲೇ ಸುಟ್ಟುಹೋಯಿತು. ಗ್ವಿನ್ ಬೇರೊಂದು ಹಡಗಿಗೆ ಹೋಗಿ, ಡಿಸೆಂಬರ್ ೨೭ರಂದು ಗಾಯಗೊಂಡು, ೧೮೬೩ರ ಜನವರಿ ೩ರಂದು ತೀರಿಕೊಂಡನು.

ಇಲ್ಲಿಯವರೆಗೆ ಕಪ್ತಾನರ ಹೆಸರುಗಳನ್ನೇ ಬರೆದೆ. ಪುಸ್ತಕಗಳು ಕೊಡುವುದು ಅವನ್ನೇ. ಆದರೆ ಒಲೆಗೆ ಕಲ್ಲಿದ್ದಲು ತುಂಬುವವನಿಲ್ಲದೆ ಉಗಿಹಡಗು ಒಂದು ಮಾರು ಚಲಿಸದು. ೧೮೬೧ರ ಸೆಪ್ಟೆಂಬರಿನಲ್ಲಿ ಮಂತ್ರಿ ವೆಲ್ಸ್, ಒಡೆಯರಿಂದ ಓಡಿಬಂದ ಗುಲಾಮರನ್ನು ಹಡಗುಗಳಿಗೆ ಸೇರಿಸಿಕೊಳ್ಳಬಹುದೆಂದು ಆಜ್ಞೆ ಮಾಡಿದನು. ತಿಂಗಳಿಗೆ ೧೦ ಡಾಲರು ಸಂಬಳ, ದಿನಕ್ಕೊಂದು ಪಡಿ. ಆದರೆ ದರ್ಜೆ 'ಹುಡುಗ' ಎಂಬುದನ್ನು ಮೀರಕೂಡದು, ವಯಸ್ಸು ನಲವತ್ತಾಗಿದ್ದರೂ! ಮಿಸಿಸಿಪ್ಪಿಯ ಹಡಗುಗಳ ಒಲೆಯ ಮುಂದೆ ಬೆವರು ಸುರಿಸಿದವರಲ್ಲಿ ಇಂಥವರು ಅನೇಕರು. ಹಡಗು ಅವರಿಗೆ ಸಂಬಳದ ಕೆಲಸವಾಗುವ ಮೊದಲು ಬಿಡುಗಡೆಯ ದಡವಾಗಿತ್ತು.

ಆದಕಾರಣವೇ ಹೆಲೆನಾದ ಕಾಳಗ ನನಗೆ ಶೈಲೋಗಿಂತ ಹೆಚ್ಚಿನದೆನಿಸುತ್ತದೆ. ಮಿಸಿಸಿಪ್ಪಿ ದಂಡೆಯ ಈ ಊರಿನಲ್ಲಿ ಬಿಡುಗಡೆ ಹೊಂದಿದ ನೀಗ್ರೋ ಜನರು ಸಾವಿರಗಟ್ಟಲೆ ಆಶ್ರಯ ಪಡೆದಿದ್ದರು. ಕಾವಲುದಂಡಿನಲ್ಲಿ ಅವರದೇ ಒಂದು ಪಡೆಯೂ ಇತ್ತು. ಊರು ಬಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ೧೮೬೩ರ ಜುಲೈ ೪ರ ನಸುಕಿನಲ್ಲಿ ಜನರಲ್ ಹೋಮ್ಸ್ ಸುಮಾರು ಏಳೂವರೆ ಸಾವಿರ ಜನರೊಡನೆ ದಾಳಿಯಿಟ್ಟನು. ಒಳಗಿದ್ದವರು ನಾಲ್ಕು ಸಾವಿರಕ್ಕೆ ಸ್ವಲ್ಪ ಮೇಲೆ. ಅವರ ನಾಯಕ ಪ್ರೆಂಟಿಸ್, ಶೈಲೋದಲ್ಲಿ ಸಂಜೆಯವರೆಗೆ ಕಾದು ಸೆರೆಸಿಕ್ಕಿದ್ದವನು. ದಾಳಿಕಾರರು ಸ್ಮಶಾನದ ಗುಡ್ಡವನ್ನು ಹಿಡಿದು ಊರಿನ ಕಡೆ ಇಳಿದರು. ಟೈಲರಿನ ಹೊಸ ಕಪ್ತಾನ ಪ್ರಿಚೆಟ್ ಹಡಗನ್ನು ನಿಲ್ಲಿಸಿದ ಜಾಗ ಬಹು ಜಾಣತನದ್ದು: ಪಕ್ಕದ ತೋಪುಗಳು ಗುಡ್ಡದ ಕಣಿವೆಗಳಿಗೆ, ಮುಂದಿನವು ಮತ್ತು ಹಿಂದಿನವು ನದಿಯ ಮೇಲುಗಡೆ ಕೆಳಗಡೆಗಳ ವೈರಿ ತೋಪುಗಳಿಗೆ. ಆ ಬೆಳಗ್ಗೆ ಟೈಲರ್ ೪೧೩ ಗುಂಡುಗಳನ್ನು ಹಾರಿಸಿತು. ದಾಳಿಕಾರರು ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಹಿಂದಿರುಗಿದರು. ಅದೇ ದಿನ ವಿಕ್ಸ್‌ಬರ್ಗ್ ಶರಣಾದುದರಿಂದ ಹೆಲೆನಾದ ಸುದ್ದಿ ಮೂಲೆಗೆ ಬಿತ್ತು.

ಇದಕ್ಕೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಹತ್ತಿಯನ್ನು ತೋರಿಸಬಹುದು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕೆಯ ಹತ್ತಿ ಸಿಗದಾಯಿತು. ಮುಂಬಯಿಯಲ್ಲಿ ಹತ್ತಿಯ ಧಾರಣೆ ಹಲವು ಪಟ್ಟು ಏರಿತು. ಧಾರವಾಡ ಸೀಮೆಯಲ್ಲಿ ೧೮೪೦ರ ದಶಕದಿಂದ ನ್ಯೂ ಆರ್ಲಿಯನ್ಸಿನ ಬೀಜವನ್ನೇ ಬಿತ್ತಿ 'ಧಾರವಾಡ-ಅಮೆರಿಕನ್' ಎಂಬ ಹತ್ತಿಯನ್ನು ಬೆಳೆಯುತ್ತಿದ್ದರು. ಮಿಸಿಸಿಪ್ಪಿಯ ಬಾಯಲ್ಲಿರುವ ಊರಿನ ಹೆಸರು ನಮ್ಮ ಎರೆ ಹೊಲಗಳಿಗೆ ಬಂದದ್ದು ಹೀಗೆ. ಜವಾರಿ ಹತ್ತಿಯ ಅರಳೆ ಘಟ್ಟ ಇಳಿದು ಹಡಗೇರುತ್ತಿದ್ದ ಕುಮಟೆಯ ಹೆಸರು ಲಿವರ್‌ಪೂಲಿನ ವ್ಯಾಪಾರಿಗಳ ಬಾಯಲ್ಲಿ 'ಕೂಂಪ್ಟ' ಎಂದಾಯಿತು. ಲಾಭದ ಆಸೆಯಿಂದ ಅರಳೆಯಲ್ಲಿ ಕಲಬೆರಕೆ ಮಾಡುವವರು ಹೆಚ್ಚಿ, ೧೮೬೩ರಲ್ಲಿ ಮುಂಬಯಿ ಸರಕಾರ ಅದಕ್ಕೊಂದು ಕಾಯಿದೆಯನ್ನೇ ಮಾಡಬೇಕಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಿಂದಿನವರೆಲ್ಲ ಹತ್ತಿ ಬಿಡಿಸಿದವರು. ಆ ವರ್ಷಗಳ ಧಾರಣೆಯಲ್ಲಿ ಅವರ ಪಾಲಿಗೆ ಬಂದದ್ದೆಷ್ಟು, ಸಾವುಕಾರನ ಪಾಲಿಗೆ ಹೋದದ್ದೆಷ್ಟು ಎಂಬ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ೧೮೬೫ರಲ್ಲಿ ಯುದ್ಧ ನಿಂತಾಗ ಧಾರಣೆ ಬಿದ್ದು, ಮುಂಬಯಿಯ ಎಷ್ಟೋ ವರ್ತಕರು ದಿವಾಳಿಯೆದ್ದರು.

ಟೈಲರಿನ ಕೊನೆಯ ವರ್ಷಗಳು ಹೆಚ್ಚಾಗಿ ಕಾವಲಿನಲ್ಲಿಯೇ ಕಳೆದವು. ೧೮೬೪ರ ಜೂನ್ ೨೪ರಂದು ವೈಟ್ ನದಿಯ ಕ್ಲಾರೆಂಡನ್ ಎಂಬಲ್ಲಿ ದಕ್ಷಿಣದ ಕುದುರೆ ದಂಡು 'ಕ್ವೀನ್ ಸಿಟಿ' ಎಂಬ ಹಡಗನ್ನು ನಸುಕಿನಲ್ಲಿ ಹಿಡಿದಾಗ, ಇನ್ನೆರಡು ಹಡಗುಗಳೊಡನೆ ಹೋಗಿ ಆ ದಂಡನ್ನು ದಡದಿಂದ ಓಡಿಸಿತು. ಜೊತೆಯ ಕಾನೆಸ್ಟೋಗ ಅಷ್ಟರಲ್ಲಿ ಇರಲಿಲ್ಲ. ಮಾರ್ಚ್ ೮ರಂದು ತನ್ನ ಪಕ್ಷದ ಹಡಗೊಂದಕ್ಕೇ ಡಿಕ್ಕಿ ಹೊಡೆದು ಮುಳುಗಿತ್ತು. ಟೈಲರನ್ನು ೧೮೬೫ರ ಆಗಸ್ಟ್ ೧೭ರಂದು ಇಲಿನಾಯ್ ಸಂಸ್ಥಾನದ ಮೌಂಡ್ ಸಿಟಿಯಲ್ಲಿ, ಕೈರೊದಿಂದ ಕೆಲವೇ ಮೈಲಿ ಮೇಲೆ, ಹರಾಜಿನಲ್ಲಿ ಮಾರಿದರು.